ವಾಶರ್ ಇದ್ದರೂ ನಟ್ಟು ಸಡಿಲ: ದೋಷ ಹುಡುಕುವ ಬಗೆ

ಕಬ್ಬಿನ ಹಂಗಾಮು ಶುರುವಾಗಿ ಎರಡು ವಾರ ಕಳೆಯುವುದರೊಳಗೆ ಜಮಖಂಡಿ, ಮುಧೋಳ, ಗೋಕಾಕ ರಸ್ತೆಬದಿಯ ಗ್ಯಾರೇಜುಗಳಲ್ಲಿ ಕಬ್ಬು ಹೊರುವ ಟ್ರೇಲರಿನವರದ್ದು ಒಂದೇ ದೂರು: "ಹೊಸಾ ಸ್ಪ್ರಿಂಗ್ ವಾಶರ್ ಹಾಕೇನ್ರಿ, ಆದ್ರೂ ನಟ್ಟ ನಿಂದ್ರವಲ್ದು." ಸಿಗುವ ಪರಿಹಾರವೂ ಒಂದೇ, ಇನ್ನೊಂದು ಸ್ಪ್ರಿಂಗ್ ವಾಶರ್, ಅಂದರೆ ಬಾಯಿ ಸೀಳಿದ ಉಕ್ಕಿನ ಬಳೆ. ನಾಲ್ಕು ಟ್ರಿಪ್ಪಿಗೆ ಅದೂ ಸಡಿಲ. ಕೊನೆಗೆ ನಟ್ಟಿನ ಮೇಲೆ ವೆಲ್ಡಿಂಗ್ ಟಾಕಿ, ಮುಂದೆ ಬಿಚ್ಚಬೇಕಾದಾಗ ಗ್ಯಾಸ್ ಕಟರ್.

ವಾಶರ್ ಬದಲಿಸುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಬೇಕು. ನಟ್ಟು ಹಿಂದಕ್ಕೆ ತಿರುಗಿ ಸಡಿಲಾಯಿತೋ, ತಿರುಗದೆ ನಿಂತಲ್ಲೇ ಸಡಿಲಾಯಿತೋ? ಕೈಯಿಂದ ಅಲ್ಲಾಡಿಸಿ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲು ಒಂದು ಗೆರೆ ಎಳೆಯಿರಿ

ಬೋಲ್ಟಿನ ತುದಿ, ನಟ್ಟು, ವಾಶರ್, ಪ್ಲೇಟು ಇವಿಷ್ಟನ್ನೂ ಥಿನ್ನರ್ ಬಟ್ಟೆಯಿಂದ ಒರೆಸಿ. ನಟ್ಟನ್ನು ಸರಿಯಾಗಿ ಬಿಗಿದು, ಪೇಂಟ್ ಮಾರ್ಕರಿನಿಂದ ಬೋಲ್ಟಿನ ತುದಿಯಿಂದ ಪ್ಲೇಟಿನವರೆಗೆ ಒಂದೇ ನೇರ ಗೆರೆ ಎಳೆಯಿರಿ. ಮಾರ್ಕರ್ ಇಲ್ಲದಿದ್ದರೆ ಉಗುರುಬಣ್ಣವೂ ನಡೆಯುತ್ತದೆ, ಎಣ್ಣೆ ತಾಗಿದರೂ ಬೇಗ ಅಳಿಸುವುದಿಲ್ಲ. ಬೋಲ್ಟಿನ ತಲೆಯ ಕಡೆಗೂ ಇಂಥದೇ ಗೆರೆ ಬೇಕು. ಬಹಳ ಜನ ಮರೆಯುವುದು ಇದನ್ನೇ. ನಟ್ಟು ಅಲ್ಲೇ ಇದ್ದು ತಲೆಯೇ ತಿರುಗಿದರೆ ನಟ್ಟಿನ ಕಡೆ ಎಷ್ಟು ನೋಡಿದರೂ ಕಾರಣ ಸಿಗುವುದಿಲ್ಲ.

ಗಾಡಿ ಎರಡು ಟ್ರಿಪ್ ಓಡಿದ ಮೇಲೆ, ಯಂತ್ರವಾದರೆ ಒಂದು ಪಾಳಿ ನಡೆದ ಮೇಲೆ, ಪಾನಾ ಹಚ್ಚುವ ಮೊದಲು ಗೆರೆ ನೋಡಿ.

ಬೋಲ್ಟಿಗೂ ನಟ್ಟಿಗೂ ನಡುವೆ ಗೆರೆ ಮುರಿದಿದ್ದರೆ ನಟ್ಟು ನಿಜವಾಗಿ ಹಿಂದಕ್ಕೆ ತಿರುಗಿದೆ. ನಟ್ಟು, ವಾಶರ್ ಎರಡೂ ಒಟ್ಟಿಗೆ ಸರಿದು ವಾಶರಿಗೂ ಪ್ಲೇಟಿಗೂ ನಡುವೆಯೂ ಮುರಿದಿದ್ದರೆ ವಾಶರ್ ಪ್ಲೇಟಿನ ಮೇಲೆ ಜಾರುತ್ತಿದೆ. ಸ್ಪ್ರಿಂಗ್ ವಾಶರಿನ ಕೆಳಗೆ ಸೀಳಿಲ್ಲದ ಚಪ್ಪಟೆ ಪ್ಲೇನ್ ವಾಶರ್ ಹಾಕಿದ ಕಡೆ ಇದು ಮಾಮೂಲು. ಸ್ಪ್ರಿಂಗ್ ವಾಶರಿನ ಸೀಳಿನ ಚೂಪು ಅಂಚು ಪ್ಲೇನ್ ವಾಶರನ್ನು ಕಚ್ಚಿ ಹಿಡಿಯುತ್ತದೆ, ಆದರೆ ಪ್ಲೇನ್ ವಾಶರನ್ನು ಹಿಡಿಯುವವರು ಯಾರೂ ಇಲ್ಲ. ತಲೆಯ ಕಡೆಯೂ ನಟ್ಟಿನ ಕಡೆಯೂ ಗೆರೆ ನೆಟ್ಟಗಿದ್ದು, ಆದರೂ ಪಾನಾ ಸಲೀಸಾಗಿ ತಿರುಗಿದರೆ ಏನೂ ತಿರುಗಿಲ್ಲ. ಬೋಲ್ಟಿನ ಎಳೆತ ಮಾತ್ರ ಹೋಗಿದೆ.

ಗೆರೆ ನೆಟ್ಟಗೆ, ನಟ್ಟು ಸಡಿಲ

ನಮ್ಮ ಕಡೆಯ ಟ್ರೇಲರುಗಳಲ್ಲಿ ಇದೇ ಹೆಚ್ಚು. ಯಾಕೆ ಎಂಬುದಕ್ಕೆ ಸ್ವಲ್ಪ ಲೆಕ್ಕ ಬೇಕು.

ಬಿಗಿದ ಬೋಲ್ಟು ಒಂದು ಗಟ್ಟಿ ಸ್ಪ್ರಿಂಗು. ನಟ್ಟು ತಿರುಗಿಸಿದಂತೆ ಬೋಲ್ಟು ಕೂದಲೆಳೆಯಷ್ಟು ಉದ್ದವಾಗುತ್ತದೆ. ಆ ಹಿಗ್ಗಿದ ಬೋಲ್ಟು ಮರಳಿ ಕುಗ್ಗಲು ನೋಡುವ ಜಗ್ಗಾಟವೇ ಎರಡು ಪ್ಲೇಟುಗಳನ್ನು ಅವುಚಿ ಹಿಡಿಯುವುದು. 12 ಎಂ.ಎಂ. ಬೋಲ್ಟು, ತಲೆಯ ಮೇಲೆ 8.8 ಗುರುತು (ಬೋಲ್ಟಿನ ಬಲದ ದರ್ಜೆ) ಇದ್ದದ್ದು, ಸರಿಯಾಗಿ ಬಿಗಿದರೆ ಮೂರೂವರೆ ಟನ್ನಿಗಿಂತ ತುಸು ಹೆಚ್ಚೇ ಒತ್ತು ಕೊಡುತ್ತದೆ. ಅಷ್ಟು ಒತ್ತು ಕೊಡುವಾಗ ಅದು ಹಿಗ್ಗುವುದು ಎಷ್ಟು? ತಲೆಗೂ ನಟ್ಟಿಗೂ ನಡುವೆ 100 ಎಂ.ಎಂ. ದೂರವಿದ್ದರೆ ಸುಮಾರು 0.2 ಎಂ.ಎಂ. ಎರಡು 6 ಎಂ.ಎಂ. ಪ್ಲೇಟುಗಳನ್ನಷ್ಟೇ ಹಿಡಿದಿದ್ದರೆ, ಅಂದರೆ 12 ಎಂ.ಎಂ. ದೂರ, ಬರೀ 0.025 ಎಂ.ಎಂ.

ಈಗ ಆ ಪ್ಲೇಟುಗಳ ಮೇಲಿನ ಬಣ್ಣ ನೋಡಿ. ಹಂಗಾಮಿಗೆ ಮುಂಚೆ ಟ್ರೇಲರಿಗೆ ಬಣ್ಣ ಹೊಡೆಸುವುದು ರೂಢಿ. ತಲೆಯಡಿ ಒಂದು ಪದರ, ಪ್ಲೇಟುಗಳ ನಡುವೆ ಎರಡು, ನಟ್ಟಿನಡಿ ಒಂದು. ಒಂದೊಂದು ಪದರವೂ 0.05 ಎಂ.ಎಂ. ಆದರೂ ಇರುತ್ತದೆ. ಬಿಸಿಲು, ಭಾರ, ಕಂಪನ ಸೇರಿ ಆ ಬಣ್ಣ 0.02 ಎಂ.ಎಂ. ಕುಸಿದರೆ ಸಾಕು, ಗಿಡ್ಡ ಬೋಲ್ಟಿನ ಹಿಗ್ಗು ಹೆಚ್ಚುಕಡಿಮೆ ಪೂರಾ ಮುಗಿಯಿತು. ನಟ್ಟು ಕೂದಲಿನಷ್ಟೂ ತಿರುಗಿಲ್ಲ, ಆದರೂ ಸಡಿಲ. ಇಂಥಲ್ಲಿ ತಿರುಗದಂತೆ ತಡೆಯುವ ಯಾವ ವಾಶರ್ ಹಾಕಿದರೂ ಏನೂ ಉಪಯೋಗವಿಲ್ಲ.

ಮಾಡಬೇಕಾದದ್ದು: ಬೋಲ್ಟು ಕೂಡುವ ಕಡೆ ನಾಲ್ಕೂ ಮುಖಗಳ ಬಣ್ಣ, ವೆಲ್ಡಿಂಗ್ ಕಿಡಿಗಳ ಗುಳ್ಳೆ, ತೂತಿನ ಅಂಚಿನ ಬರ್ (ಕೊರೆದಾಗ ಏಳುವ ಚೂಪು ಸಿಬಿರು) ಎಲ್ಲವನ್ನೂ ಕೆರೆದು ಲೋಹ ಕಾಣಿಸಿ. ತುಕ್ಕಿನ ಚಿಂತೆ ಇದ್ದರೆ ಬಿಗಿದ ಮೇಲೆ ಹೊರಗಿನಿಂದ ಬಣ್ಣ ಹಚ್ಚಿ. ಜಾಗವಿದ್ದರೆ ತಲೆಯಡಿ 40 ಎಂ.ಎಂ. ಉದ್ದದ, ದಪ್ಪ ಗೋಡೆಯ ಪೈಪಿನ ಬುಶ್ ಕೊಟ್ಟು ಉದ್ದದ ಬೋಲ್ಟು ಹಾಕಿ. ಬುಶ್ಶಿನ ಎರಡೂ ತುದಿ ಲೇಥಿನಲ್ಲಿ ಚೌಕವಾಗಿ ಕತ್ತರಿಸಿದ್ದಿರಲಿ. ಹಿಗ್ಗು 0.025ರಿಂದ 0.11 ಎಂ.ಎಂ.ಗೆ ಏರುತ್ತದೆ, ಅದೇ 0.02 ಕುಸಿತಕ್ಕೆ ಈಗ ಹೋಗುವುದು ಐದರಲ್ಲೊಂದು ಪಾಲು ಮಾತ್ರ. ಇಷ್ಟು ಅಗ್ಗದ ಮದ್ದು ಈ ಕೆಲಸದಲ್ಲಿ ಇನ್ನೊಂದಿಲ್ಲ, ಆದರೂ ಇದನ್ನು ಮಾಡುವವರು ಕಡಿಮೆ.

ತಿರುಗದೆ ಸಡಿಲಾಗಲು ಇನ್ನೊಂದು ಕಾರಣ, ಬೋಲ್ಟೇ ಜಗ್ಗಿಹೋಗಿರುವುದು. ಬೋಲ್ಟು ಬಿಚ್ಚಿ ಹೊಸ ನಟ್ಟನ್ನು ಕೈಯಿಂದ ಪೂರ್ತಿ ಓಡಿಸಿ. ನಡುವೆ ಒಂದು ಕಡೆ ಹಿಡಿದರೆ ಅಲ್ಲಿ ಥ್ರೆಡ್ ಉದ್ದವಾಗಿದೆ. ಸ್ಕೇಲಿನಿಂದಲೂ ತಿಳಿಯುತ್ತದೆ: ಸಾಮಾನ್ಯ 12 ಎಂ.ಎಂ. ಬೋಲ್ಟಿನಲ್ಲಿ ಹತ್ತು ಥ್ರೆಡ್ಡಿಗೆ 17.5 ಎಂ.ಎಂ. ಆಗಬೇಕು. ಹೆಚ್ಚಾದರೆ ಗುಜರಿಗೆ ಹಾಕಿ. ತಲೆಯ ಮೇಲೆ ಅಂಕಿಯೇ ಇಲ್ಲದ ಬೋಲ್ಟನ್ನು 4.6 ಎಂದೇ ತಿಳಿದು ನಡೆಯಬೇಕು. ಅದು 8.8ರ ಅರ್ಧಕ್ಕಿಂತ ಕಡಿಮೆ ಎಳೆತ ತಾಳುತ್ತದೆ. 8.8 ಎಂದು ತಿಳಿದು ಪಾನಾಕ್ಕೆ ಪೈಪು ಹಾಕಿ ಬಿಗಿದರೆ ಜಗ್ಗುವುದು ಖಂಡಿತ.

ಗೆರೆ ಮುರಿದಿದ್ದರೆ

ಬೋಲ್ಟಿನ ಉದ್ದಕ್ಕೆ ಎಷ್ಟು ಕುಲುಕಿದರೂ ನಟ್ಟು ಅಷ್ಟು ಬೇಗ ಬಿಚ್ಚುವುದಿಲ್ಲ. ಬಿಚ್ಚಿಸುವುದು ಅಡ್ಡ ಜಾರುವಿಕೆ, ಎರಡು ಪ್ಲೇಟುಗಳು ಒಂದರ ಮೇಲೊಂದು ಆಚೀಚೆ ಸರಿದಾಡುವುದು. 1969ರಲ್ಲಿ ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರ್ ಇದನ್ನು ಯಂತ್ರವಿಟ್ಟು ತೋರಿಸಿದರು. ಇವತ್ತಿಗೂ ವಾಶರುಗಳ ಪರೀಕ್ಷೆ ನಡೆಯುವುದು ಅದೇ ಬಗೆಯಲ್ಲಿ. ಪ್ಲೇಟು ಜಾರಿದಾಗಲೆಲ್ಲ ನಟ್ಟಿನಡಿಯ ಹಿಡಿತವೂ ಥ್ರೆಡ್ಡಿನ ಹಿಡಿತವೂ ಕ್ಷಣಮಾತ್ರ ತಪ್ಪುತ್ತವೆ. ಥ್ರೆಡ್ ಅಂದರೆ ಸುತ್ತಿಕೊಂಡ ಇಳಿಜಾರು. ಹಿಡಿತ ತಪ್ಪಿದ ಕ್ಷಣ ನಟ್ಟು ಇಳಿಜಾರಿನಲ್ಲಿ ಕೆಳಗೆ ಸರಿಯುತ್ತದೆ.

ಜಾರುತ್ತಿದೆಯೇ ಎಂಬುದಕ್ಕೆ ಸಾಕ್ಷಿ ಕಣ್ಣಿಗೆ ಕಾಣುವಂತಿರುತ್ತದೆ. ಜೋಡಣೆಯ ಅಂಚಿನಲ್ಲಿ ಕೆಂಪು-ಕಂದು ನುಣ್ಣನೆ ಪುಡಿ, ಇಟ್ಟಂಗಿ ಪುಡಿಯಂಥದು. ಎಣ್ಣೆ ಸೋಕಿದ್ದರೆ ಅದೇ ಪುಡಿ ಕರಿ ಕೆಸರಾಗಿರುತ್ತದೆ. ಬಿಚ್ಚಿದರೆ ಪ್ಲೇಟಿನ ಮೇಲೆ ಹೊಳೆಯುವ ಚಂದ್ರಾಕಾರದ ತೇಪೆ, ತೂತು ದುಂಡಗಿರದೆ ಮೊಟ್ಟೆಯಾಕಾರ, ಬೋಲ್ಟಿನ ನಡುವೆ ತೂತಿನ ಅಂಚು ಕೊರೆದ ಗಾಯ. ಇವುಗಳಲ್ಲಿ ಎರಡು ಕಂಡರೂ ಸಾಕು, ವಾಶರಿನ ಮಾತು ಆಮೇಲೆ. ಮೊದಲು ಜಾರುವುದನ್ನು ನಿಲ್ಲಿಸಿ: ಇನ್ನೂ ಹೆಚ್ಚು ಎಳೆತ, ದಪ್ಪ ಬೋಲ್ಟು, ಅಥವಾ ತೂತನ್ನು ರೀಮ್ ಮಾಡಿ (ಸರಿ ಅಳತೆಗೆ ನುಣ್ಣಗೆ ಕೊರೆದು) ಡೋವೆಲ್ ಪಿನ್, ಅಂದರೆ ಬಿಗಿಯಾಗಿ ಕೂರುವ ಉಕ್ಕಿನ ಗೂಟ. ಮೊಟ್ಟೆಯಾಕಾರವಾದ ತೂತನ್ನು ವೆಲ್ಡಿಂಗ್ ತುಂಬಿ ಮರಳಿ ಕೊರೆಯದೆ ಹೊಸ ಬೋಲ್ಟು ಹಾಕುವುದು ಹಣ ಹಾಳು.

ಸ್ಪ್ರಿಂಗ್ ವಾಶರ್ ಮಾಡುವುದೇನು, ಮಾಡದಿರುವುದೇನು

ಒಂದು ಸುತ್ತಿನ, ಬಾಯಿ ಸೀಳಿದ ಈ ವಾಶರ್ ಚಪ್ಪಟೆಯಾಗಲು ಬೇಕಾದ ಬಲ ಒಳ್ಳೆಯ ಬೋಲ್ಟಿನ ಎಳೆತದ ಹತ್ತರಲ್ಲೊಂದು ಪಾಲೂ ಅಲ್ಲ. ನಟ್ಟು ಪೂರ್ತಿ ಬಿಗಿಯುವ ಹೊತ್ತಿಗೆ ಅದು ಚಪ್ಪಟೆಯಾಗಿ ಪ್ಲೇನ್ ವಾಶರೇ ಆಗಿರುತ್ತದೆ. 1990ರಲ್ಲಿ ನಾಸಾ ಹೊರತಂದ ಬೋಲ್ಟು-ನಟ್ಟುಗಳ ಕೈಪಿಡಿಯೂ ಇದನ್ನೇ ಹೇಳಿತು: ಪೂರ್ತಿ ಬಿಗಿದ ಮೇಲೆ ಅದಕ್ಕೆ ಲಾಕ್ ಮಾಡುವ ಗುಣವಿಲ್ಲ. 8.8 ಮತ್ತು ಅದಕ್ಕೂ ಮೇಲಿನ ಬೋಲ್ಟುಗಳಿಗೆ ಅದನ್ನು ಹಾಕುವುದು ಅಭ್ಯಾಸಬಲವೇ ಹೊರತು ಬೇರೇನಲ್ಲ.

ಹಾಗಂತ ಎಸೆಯುವ ಸಾಮಾನೂ ಅಲ್ಲ. ಎಳೆತ ಕಡಿಮೆ ಇರುವಲ್ಲಿ ಅದರ ಸ್ಪ್ರಿಂಗು ಜೀವಂತ ಇರುತ್ತದೆ: 4ರಿಂದ 6 ಎಂ.ಎಂ. ಸ್ಕ್ರೂಗಳು, ತಗಡಿನ ಕವರ್, ಕಟ್ಟಿಗೆಯ ಭಾಗ, ವಿದ್ಯುತ್ ಟರ್ಮಿನಲ್. ಸೀಳಿನ ಚೂಪು ಅಂಚು ನಟ್ಟನ್ನೂ ಪ್ಲೇಟನ್ನೂ ನೇರವಾಗಿ ಕಚ್ಚುವಂತಿದ್ದರೆ ಇನ್ನಷ್ಟು ಕೆಲಸ ಮಾಡುತ್ತದೆ. ಸೀಳಿನ ದಿಕ್ಕು ಬಲಗೈ ಥ್ರೆಡ್ಡಿಗೆ ಹೊಂದುವಂತೆ ಇರುತ್ತದೆ. ಉಲ್ಟಾ ಥ್ರೆಡ್ಡಿನ ನಟ್ಟಿಗೆ ಅದೇ ವಾಶರ್ ಹಾಕಿದರೆ ಕಚ್ಚುವ ಬದಲು ಜಾರುತ್ತದೆ.

ಕೊಳ್ಳುವಾಗ ಒಂದನ್ನು ವೈಸಿನಲ್ಲಿ ಚಪ್ಪಟೆಯಾಗುವಂತೆ ಒತ್ತಿ ಬಿಟ್ಟುನೋಡಿ. ಬಾಯಿ ಮರಳಿ ತೆರೆಯದಿದ್ದರೆ ಅದು ಸ್ಪ್ರಿಂಗ್ ಉಕ್ಕಲ್ಲ, ಬರೀ ತಂತಿ. ಒತ್ತುವಾಗ ಚಟ್ ಎಂದು ಮುರಿದರೆ ಹದ ಮಾಡುವಾಗಲೋ ಸತುವಿನ ಲೇಪ ಕೊಡುವಾಗಲೋ ಕೆಟ್ಟಿದೆ. ಮುರಿದ ವಾಶರ್ ಯಂತ್ರದ ಮೇಲೆ ಇನ್ನೂ ಅಪಾಯ. ತುಂಡು ಉದುರಿಬಿದ್ದರೆ ನಟ್ಟಿನಡಿ ವಾಶರಿನ ದಪ್ಪದಷ್ಟು ಜಾಗವೇ ಖಾಲಿ.

ಯಾವ ಜಾಗಕ್ಕೆ ಏನು

ಟ್ರೇಲರಿನ ಪಾಟಾಗಳನ್ನು (ಉಕ್ಕಿನ ಸ್ಪ್ರಿಂಗ್ ಪಟ್ಟಿಗಳನ್ನು) ಆ್ಯಕ್ಸಲಿಗೆ ಕಟ್ಟುವ ಯು-ಬೋಲ್ಟುಗಳಿಗೆ ಸ್ಪ್ರಿಂಗ್ ವಾಶರ್ ಬೇಡವೇ ಬೇಡ. ಗಟ್ಟಿ ಪ್ಲೇನ್ ವಾಶರ್, ಎತ್ತರದ ನಟ್ಟು ಸಾಕು. ಅದರ ಕಾಲು ಉದ್ದ, ಹಿಗ್ಗು ಹೆಚ್ಚು. ಸರಿಯಾಗಿ ಬಿಗಿದರೆ ನಿಲ್ಲುತ್ತದೆ. ನಾಲ್ಕೂ ನಟ್ಟುಗಳನ್ನು ಒಂದು ಮೂಲೆಯಾದ ಮೇಲೆ ಅದರ ಎದುರು ಮೂಲೆ ಎಂಬ ಕ್ರಮದಲ್ಲಿ, ಸ್ವಲ್ಪಸ್ವಲ್ಪವಾಗಿ, ಮೂರು ಸರದಿಯಲ್ಲಿ ಬಿಗಿಯಿರಿ. ಪಾಟಾಗಳ ನಡುವಿನ ತುಕ್ಕು, ಮಣ್ಣು ಮೊದಲ ಭಾರಕ್ಕೆ ಕುಸಿಯುವುದರಿಂದ ಮೊದಲ ತುಂಬಿದ ಟ್ರಿಪ್ ಆದ ಮೇಲೆ ಮತ್ತೊಮ್ಮೆ ಬಿಗಿಯಲೇಬೇಕು. ಇದನ್ನು ಬಿಟ್ಟರೆ ಪಾಟಾದ ನಡುವಿನ ಸೆಂಟರ್ ಬೋಲ್ಟು ಕತ್ತರಿಸಿ ಆ್ಯಕ್ಸಲ್ ಓರೆಯಾಗುತ್ತದೆ. ಸೆಂಟರ್ ಬೋಲ್ಟು ಮುರಿದದ್ದು ಕಂಡರೆ ತಪ್ಪು ಅದರದ್ದಲ್ಲ, ಯು-ಬೋಲ್ಟಿನದ್ದು.

ಚಕ್ರದ ನಟ್ಟಿನ ಮುಖ ಶಂಕುವಿನಂತೆ ಇಳಿಜಾರಾಗಿದ್ದರೆ ಅದರಡಿ ಯಾವ ವಾಶರೂ ಕೂಡದು. ಆ ಇಳಿಜಾರೇ ಡಿಸ್ಕಿನ ಕುಳಿಯಲ್ಲಿ ಕೂತು ಹಿಡಿಯಬೇಕು. ಕುಳಿಯಲ್ಲಿ ಬಣ್ಣವಿದ್ದರೆ ಕೆರೆಯಿರಿ. ಟೈರ್ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿ.ಮೀ. ಓಡಿದಾಗ ಒಂದು ಸಲ ಮರಳಿ ಬಿಗಿಯಿರಿ.

ಹಬ್ ಬೇರಿಂಗಿನ ಕಿರೀಟದ ನಟ್ಟು ಬೇರೆ ಜಾತಿ. ಅದು ಬಿಗಿಯಲಿಕ್ಕಲ್ಲ, ಬೇರಿಂಗಿನ ಸಡಿಲನ್ನು ಹೊಂದಿಸಲಿಕ್ಕೆ ಇರುವುದು. ಸ್ಪ್ಲಿಟ್ ಪಿನ್ನಿನ ತೂತು ಕೂಡದಿದ್ದರೆ ಅಲ್ಲಿ ನಟ್ಟನ್ನು ಹಿಂದಕ್ಕೆ ಸರಿಸಿ ಕೂಡಿಸಬೇಕು. ಸ್ಟೀರಿಂಗಿನ ಬಾಲ್ ಜಾಯಿಂಟಿನಲ್ಲಿ ಇದಕ್ಕೆ ತದ್ವಿರುದ್ಧ: ಮುಂದಕ್ಕೇ ಬಿಗಿದು ಕೂಡಿಸಬೇಕು. ಪಿನ್ನು ಪ್ರತಿ ಸಲ ಹೊಸದೇ ಆಗಬೇಕು. ಪಿನ್ನಿನ ಜಾಗಕ್ಕೆ ಮೊಳೆ, ಬೇಲಿಯ ತಂತಿ ಹಾಕಿದ ಟ್ರೇಲರನ್ನು ರಸ್ತೆಗೆ ಬಿಡಬಾರದು.

ರೋಟವೇಟರಿನ ಬ್ಲೇಡ್ ಬೋಲ್ಟುಗಳು ವಿಜಯಪುರ ಕಡೆಯ ಎರಿ ಹೊಲದಲ್ಲಿ ಒಂದು ಕಥೆ, ಕಲ್ಲು ಮಡ್ಡಿಯಲ್ಲಿ ಇನ್ನೊಂದು. ಕಲ್ಲಿನಲ್ಲಿ ಪ್ರತಿ ಹೊಡೆತವೂ ಅಡ್ಡ ಹೊಡೆತ. ಬೋಲ್ಟು 8.8ಕ್ಕಿಂತ ಕಡಿಮೆ ಬೇಡ. ಬ್ಲೇಡಿಗೂ ಫ್ಲ್ಯಾಂಜಿಗೂ ನಡುವೆ ಒಣಗಿದ ಎರಿ ಮಣ್ಣಿನ ಬಿಲ್ಲೆ ಉಳಿಯದಂತೆ ಕೆರೆದು ಕೂಡಿಸಿ. ಹಸಿಯಾದರೆ ಆ ಬಿಲ್ಲೆ ಕರಗಿ, ಅದರ ದಪ್ಪದಷ್ಟೂ ಎಳೆತ ಹೋಗುತ್ತದೆ. ಹೊಸ ಬ್ಲೇಡು ಹಾಕಿದ ಮೇಲೆ ಒಂದು ತಾಸು ಓಡಿಸಿ, ಪಿ.ಟಿ.ಒ. (ಟ್ರ್ಯಾಕ್ಟರಿನಿಂದ ಯಂತ್ರಕ್ಕೆ ಶಕ್ತಿ ಕೊಡುವ ಶಾಫ್ಟು) ಬಿಡಿಸಿ, ಎಂಜಿನ್ ಬಂದ್ ಮಾಡಿ ಎಲ್ಲವನ್ನೂ ಮರಳಿ ಬಿಗಿಯಿರಿ.

ಬೆಳಗಾವಿಯ ಉದ್ಯಮಬಾಗದಂಥ ಕಡೆ ಫೌಂಡ್ರಿಗಳ ಜರಡಿ, ಎರಕದಿಂದ ಮರಳು ಉದುರಿಸುವ ಶೇಕ್-ಔಟ್, ವೈಬ್ರೇಟರ್ ಮೋಟಾರು ಇವು ಅಡ್ಡ ಕಂಪನಕ್ಕೆಂದೇ ಹುಟ್ಟಿದ ಯಂತ್ರಗಳು. ಇಲ್ಲಿ ಜೋಡಿ ವೆಜ್ ವಾಶರಿಗೆ ಕೊಡುವ ಹಣ ಹಾಳಲ್ಲ. ಎರಡು ಬಿಲ್ಲೆಗಳು, ಒಳಮುಖದಲ್ಲಿ ದೊಡ್ಡ ಇಳಿಜಾರು ಹಲ್ಲು, ಹೊರಮುಖದಲ್ಲಿ ಸಣ್ಣ ಗೀರು. ನಟ್ಟು ಹಿಂದಕ್ಕೆ ತಿರುಗಲು ಹೋದರೆ ಇಳಿಜಾರುಗಳು ಒಂದನ್ನೊಂದು ಏರುತ್ತವೆ. ಅವುಗಳ ಏರು ಥ್ರೆಡ್ಡಿನ ಏರಿಗಿಂತ ಕಡಿದಾದ್ದರಿಂದ ಬೋಲ್ಟು ಸಡಿಲಾಗುವ ಬದಲು ಇನ್ನಷ್ಟು ಬಿಗಿಯಾಗುತ್ತದೆ. ಇದನ್ನೂ ಕೆಡಿಸುವ ದಾರಿಗಳಿವೆ. ಜೋಡಿಯನ್ನು ಉಲ್ಟಾ ಹಾಕಿ ದೊಡ್ಡ ಹಲ್ಲು ಹೊರಗೆ ಮಾಡುವುದು, ಅದರಡಿ ಸಡಿಲ ಪ್ಲೇನ್ ವಾಶರ್ ತೂರಿಸುವುದು, ವಾಶರಿಗಿಂತ ಗಟ್ಟಿಯಾದ ಮುಖದ ಮೇಲೆ ಕೂಡಿಸುವುದು. ಹೊರಮುಖದ ಗೀರು ನಟ್ಟಿನಲ್ಲೂ ಪ್ಲೇಟಿನಲ್ಲೂ ಅಚ್ಚೊತ್ತಿರಬೇಕು. ಬಿಚ್ಚಿದಾಗ ಆ ಅಚ್ಚು ಕಾಣದಿದ್ದರೆ ಅದು ಹಿಡಿದೇ ಇರಲಿಲ್ಲ.

ರಬಕವಿ-ಬನಹಟ್ಟಿಯ ಶಟಲ್ ಮಗ್ಗಗಳಲ್ಲಿ ಉಕ್ಕು ಕಟ್ಟಿಗೆಯನ್ನು ಹಿಡಿಯುವ ಜಾಗಗಳೇ ಸಡಿಲಾಗುವುದು. ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಕುಗ್ಗುತ್ತದೆ, ನಟ್ಟು ಅಲ್ಲೇ ಉಳಿಯುತ್ತದೆ. ಅಗಲವಾದ ಚೌಕ ಪ್ಲೇಟು, ಅದರ ಮೇಲೆ ಸ್ಪ್ರಿಂಗ್ ವಾಶರ್ ಹಾಕಿ. ಕಟ್ಟಿಗೆ ಜಜ್ಜಿಹೋಗುವಷ್ಟು ಬಿಗಿಯಬೇಡಿ, ವಾಶರಿನ ಬಾಯಲ್ಲಿ ಒಂದಿಷ್ಟು ಸೀಳು ಕಾಣುವಂತಿರಲಿ. ಸ್ಪ್ರಿಂಗ್ ವಾಶರಿಗೆ ನಿಜವಾದ ಕೆಲಸ ಸಿಗುವುದು ಇಂಥ ಕಡೆಯೇ.

ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಗೆ ಕೈಹಾಕುವ ಮುಂಚೆ ಮೇನ್ ಬಂದ್ ಮಾಡಿ, ಮೂರೂ ಫ್ಯೂಸ್ ಕಿತ್ತು, ಮೂರೂ ಫೇಸಿಗೆ ಟೆಸ್ಟರ್ ಹಿಡಿದು ನೋಡಿ. ಲಗ್ಗಿನ (ವೈರಿನ ತುದಿಗೆ ಒತ್ತಿದ ಲೋಹದ ಉಂಗುರ) ಹತ್ತಿರದ ವೈರಿನ ಪ್ಲಾಸ್ಟಿಕ್ ಕಂದಾಗಿದ್ದರೆ ಅಲ್ಲಿ ಸಡಿಲಿದೆ. ಅಲ್ಯುಮಿನಿಯಂ ಲಗ್ ಕಾಯ್ದಾಗ ಹಿಗ್ಗಿ, ನಟ್ಟಿನಡಿ ಹಿಸುಕಿ, ಆರಿದಾಗ ಮೊದಲಿನ ದಪ್ಪಕ್ಕೆ ಬರುವುದಿಲ್ಲ. ವಾರಕ್ಕೊಮ್ಮೆ ಬಿಗಿಯುತ್ತಾ ಹೋದರೆ ಲಗ್ ತೆಳುವಾಗುತ್ತದೆಯೇ ಹೊರತು ರೋಗ ವಾಸಿಯಾಗುವುದಿಲ್ಲ. ಇಲ್ಲಿ ಬೇಕಾದದ್ದು ಬಸಿಯಾಕಾರದ ಡಿಸ್ಕ್ ವಾಶರ್: ಲಗ್ಗಿನ ಮೇಲೆ ದಪ್ಪ ಪ್ಲೇನ್ ವಾಶರ್, ಅದರ ಮೇಲೆ ಬಸಿಯ ಅಗಲವಾದ ಅಂಚು ಕೆಳಗೆ, ಉಬ್ಬು ನಟ್ಟಿನ ಕಡೆಗೆ. ಬಹುತೇಕ ಚಪ್ಪಟೆಯಾಗುವವರೆಗೆ ಬಿಗಿಯಿರಿ. ತಾಮ್ರದ ಟರ್ಮಿನಲ್ಲಿಗೆ ಅಲ್ಯುಮಿನಿಯಂ ಕೇಬಲ್ ಬಂದರೆ ಎರಡೂ ಲೋಹ ಕೂಡಿಸಿ ಮಾಡಿದ ಬೈಮೆಟಲ್ ಲಗ್ ಬೇಕು. ಅರ್ತಿಂಗಿನ ಬೋಲ್ಟಿಗೆ ಹಲ್ಲಿನ ಸ್ಟಾರ್ ವಾಶರ್ ಹಾಕಿದರೆ ಅದು ಪೆಟ್ಟಿಗೆಯ ಬಣ್ಣ ಸೀಳಿ ಲೋಹ ಮುಟ್ಟುತ್ತದೆ. ಒಮ್ಮೆ ಬಿಗಿದ ಸ್ಟಾರ್ ವಾಶರಿನ ಹಲ್ಲು ಮೊಂಡು, ಎರಡನೇ ಸಲ ಹಾಕಬೇಡಿ.

ಒಳಗೆ ನೈಲಾನ್ ಬಳೆಯಿರುವ ನೈಲಾಕ್ ನಟ್ಟು ಎಳೆತ ಕಾಯುವುದಿಲ್ಲ, ಕಳಚಿ ಬೀಳದಂತೆ ಮಾತ್ರ ತಡೆಯುತ್ತದೆ. ಅಷ್ಟು ಸಾಕಾದಲ್ಲಿ ಚೆನ್ನ. ಬೋಲ್ಟಿನ ಎರಡು ಥ್ರೆಡ್ ನೈಲಾನಿನ ಆಚೆ ಬಂದಿರಬೇಕು. ಕೈಯಿಂದಲೇ ಪೂರ್ತಿ ತಿರುಗುವಂತಾದರೆ ಅದರ ಕಾಲ ಮುಗಿಯಿತು. 120 ಡಿಗ್ರಿ ದಾಟುವ ಸೈಲೆನ್ಸರ್ ಬಳಿ ಅದು ಬೇಡ. ಥ್ರೆಡ್ಡಿಗೆ ಹಚ್ಚುವ ಅಂಟುಗಳಲ್ಲಿ ನೀಲಿ ಬಣ್ಣದ ಲಾಕ್ಟೈಟ್ 243 ಪಾನಾದಿಂದ ಬಿಚ್ಚಲು ಬರುವಂಥದು. ಕೆಂಪು 271 ಬಿಚ್ಚಬೇಕಾದರೆ ಸುಮಾರು 250 ಡಿಗ್ರಿಗೆ ಕಾಯಿಸಬೇಕಾದೀತು. ನಟ್ಟು ಕೂರುವ ಜಾಗಕ್ಕೆ ಎರಡು-ಮೂರು ಹನಿ ಸಾಕು. ಗಾಳಿ ಸಿಗದೆ ಲೋಹದ ನಡುವೆ ಸಿಕ್ಕಾಗಷ್ಟೇ ಅದು ಗಟ್ಟಿಯಾಗುತ್ತದೆ, ಪೂರ್ತಿ ಬಲಕ್ಕೆ 24 ತಾಸು. ಸಂಜೆ ಹಚ್ಚಿ ರಾತ್ರಿಯೇ ಕಬ್ಬು ತುಂಬಿದರೆ ಹಚ್ಚಿದ್ದೂ ವ್ಯರ್ಥ.

ಜೋಡಿ ನಟ್ಟು ಹಾಕುವವರು ದಪ್ಪದ್ದನ್ನು ಕೆಳಗೆ, ತೆಳುವಾದದ್ದನ್ನು ಮೇಲೆ ಹಾಕುತ್ತಾರೆ. ಅದು ಉಲ್ಟಾ. ತೆಳುವಾದದ್ದು ಪ್ಲೇಟಿನ ಕಡೆ. ಅದನ್ನು ಪಾನಾದಿಂದ ಹಿಡಿದು ಮೇಲಿನ ದಪ್ಪ ನಟ್ಟನ್ನು ಪೂರ್ತಿ ಬಲದಿಂದ ಬಿಗಿಯಬೇಕು. ಕೊನೆಗೆ ಭಾರ ಹೊರುವುದು ಮೇಲಿನ ನಟ್ಟಿನ ಥ್ರೆಡ್ಡು, ಅದಕ್ಕೇ ಅದು ದಪ್ಪಗಿರಬೇಕು.

ಟಾರ್ಕ್ ಪಾನಾ ಇಲ್ಲದಿದ್ದರೆ

ಕಾಟಾ ಸಾಕು. ಚೀಲ ನೇತುಹಾಕಿ ತೂಗುವ ಕೊಕ್ಕೆಯ ತಕ್ಕಡಿ ಇರುತ್ತದಲ್ಲ, ಅದೇ. ಪಾನಾಕ್ಕೆ ಪೈಪು ಸೇರಿಸಿ, ನಟ್ಟಿನ ನಡುವಿನಿಂದ ಸರಿಯಾಗಿ ಅರ್ಧ ಮೀಟರಿಗೆ ಗುರುತು ಮಾಡಿ, ಅಲ್ಲಿ ಕೊಕ್ಕೆ ಸಿಕ್ಕಿಸಿ, ಪಾನಾಕ್ಕೆ ಲಂಬಕೋನದಲ್ಲಿ ಜಗ್ಗಿ. ಒಣ ಥ್ರೆಡ್ಡಿನ 8.8 ಬೋಲ್ಟುಗಳಿಗೆ ಕಾಟಾದಲ್ಲಿ ಕಾಣಬೇಕಾದದ್ದು: 8 ಎಂ.ಎಂ.ಗೆ ಸುಮಾರು 5 ಕೆ.ಜಿ., 10ಕ್ಕೆ 10, 12ಕ್ಕೆ 18, 16ಕ್ಕೆ 44. ಗುರುತಿಲ್ಲದ 12 ಎಂ.ಎಂ. ಬೋಲ್ಟಿಗೆ 7 ಕೆ.ಜಿ. ಸಾಕು. ಯಂತ್ರದ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಪ್ರಮಾಣ.

ಥ್ರೆಡ್ಡಿಗೆ ಎಣ್ಣೆ ಹಚ್ಚಿದ್ದರೆ ಇದೇ ಜಗ್ಗಿಗೆ ಎಳೆತ ಮೂರರಲ್ಲೊಂದು ಪಾಲು ಹೆಚ್ಚುತ್ತದೆ. ನಾವು ಜಗ್ಗುವ ಬಲದಲ್ಲಿ ಹತ್ತರಲ್ಲೊಂಬತ್ತು ಪಾಲು ನಟ್ಟಿನಡಿಯ ಮತ್ತು ಥ್ರೆಡ್ಡಿನ ತಿಕ್ಕಾಟಕ್ಕೇ ಹೋಗುವುದರಿಂದ, ತಿಕ್ಕಾಟ ತುಸು ಬದಲಾದರೂ ಲೆಕ್ಕ ಏರುಪೇರು. ಎಣ್ಣೆ ಇದ್ದರೆ 12 ಎಂ.ಎಂ.ಗೆ 13 ಕೆ.ಜಿ.ಗೆ ನಿಲ್ಲಿಸಿ. ತುಕ್ಕು ಹಿಡಿದ ಥ್ರೆಡ್ಡಿನಲ್ಲಿ ತದ್ವಿರುದ್ಧ: ಕಾಟಾ 18 ತೋರಿಸುತ್ತದೆ, ಬೋಲ್ಟು ಹಿಗ್ಗಿರುವುದೇ ಇಲ್ಲ. "ಭಾಳ ಬಿಗಿ ಮಾಡೇನ್ರಿ" ಎಂದ ನಟ್ಟು ಮರುದಿನ ಸಡಿಲಾಗುವುದು ಬಹುಪಾಲು ಹೀಗೆ. ತಂತಿ ಬ್ರಶ್ಶಿನಿಂದ ತಿಕ್ಕಿ, ನಟ್ಟು ಕೈಯಿಂದಲೇ ಕೊನೆಯವರೆಗೆ ಓಡುವಂತೆ ಮಾಡಿಕೊಂಡ ಮೇಲೆಯೇ ಕಾಟಾ ಹಚ್ಚಿ.

ಬೋಲ್ಟು ಮುರಿದೇ ಹೋಗಿದ್ದರೆ ತುಂಡನ್ನು ಎಸೆಯಬೇಡಿ, ಮುರಿದ ಮುಖ ನೋಡಿ. ಮುರಿದಲ್ಲಿ ಸೊಂಟ ಸಣ್ಣಗಾಗಿ ಎಳೆದಂತಿದ್ದರೆ ಅತಿ ಬಿಗಿದು ಹರಿದದ್ದು. ಮುಖದ ಒಂದು ಭಾಗ ನುಣುಪಾಗಿ, ನದಿದಂಡೆಯ ಮರಳಿನ ಮೇಲಿನ ಅಲೆಗೆರೆಗಳಂತೆ ಸಾಲುಸಾಲಾಗಿದ್ದು, ಉಳಿದದ್ದು ಒರಟಾಗಿದ್ದರೆ ಅದು ಸಡಿಲಾಗಿ ಬಹಳ ದಿನ ಓಡಿದ ಬೋಲ್ಟು. ದಿನದಿನಕ್ಕೆ ಬಿರುಕು ಬೆಳೆದು ಕೊನೆಗೆ ಉಳಿದಷ್ಟು ಭಾಗ ಒಮ್ಮೆಲೇ ಹೋಗಿದೆ. ಅಂಥದು ಒಂದು ಸಿಕ್ಕರೆ ಅದೇ ಜೋಡಣೆಯ ಉಳಿದ ಬೋಲ್ಟುಗಳಲ್ಲೂ ಬಿರುಕು ಅರ್ಧಕ್ಕೆ ಬಂದಿರಬಹುದು. ಎಲ್ಲವನ್ನೂ ಒಟ್ಟಿಗೆ ಬದಲಿಸಿ, ಹೊಸ ಗೆರೆ ಎಳೆದು ಗಾಡಿ ಬಿಡಿ.